ರಾಜಗೃಹದ ಉಷ್ಣೋದಕ

ಕನ್ನಡದ ಜೈನಪುರಾಣಗಳನ್ನು ಓದಿದವರಿಗೆ ಮಗಧದ ರಾಜಗೃಹವು ಅಪರಿಚಿತ ಸ್ಥಳವೇನಲ್ಲ. ವಿಪುಲಾಚಲದ ಸಮವಸರಣದಲ್ಲಿ ಶ್ರೇಣಿಕ ಮಹಾರಾಜನು ಗೌತಮ ಗಣಧರರನ್ನು ಪ್ರಶ್ನಿಸುವಲ್ಲಿಂದಲೇ ಎಷ್ಟೋ ಕಥೆಗಳು ಮೊದಲಾಗುತ್ತವೆ. ಇಪ್ಪತ್ತನೆಯ ತೀರ್ಥಂಕರರಾದ ಮುನಿಸುವ್ರತರ ಜನ್ಮಭೂಮಿಯೂ ಇದೇ. ಇಂದು ಬಿಹಾರದ ನಾಲಂದಾ ಜಿಲ್ಲೆಗೆ ಸೇರಿರುವ ಈ ರಾಜಗೀರ್‌ಗೆ ದಕ್ಷಿಣದಿಂದ ಬರುವ ಯಾತ್ರಿಕನು ಐದು ಬೆಟ್ಟಗಳ ವಂದನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದಿರುತ್ತಾನೆ. ಆದರೆ ವೈಭಾರಗಿರಿಯ ಬುಡದಲ್ಲಿ ಅವನ ಕಾಲುಗಳು ತಾವಾಗಿಯೇ ನಿಲ್ಲುತ್ತವೆ. ಅಲ್ಲಿ ಕಲ್ಲಿನ ಬಾಯಿಗಳಿಂದ ಬಿಸಿನೀರು ಸುರಿಯುತ್ತಿರುತ್ತದೆ.

22 ಕುಂಡಗಳು, 52 ಧಾರೆಗಳು ಎಂಬುದು ಸ್ಥಳೀಯರ ಪರಂಪರಾಗತ ಲೆಕ್ಕ. ಸಪ್ತಧಾರೆಯ ಕೆಳಗೆ ಜನ ಸರದಿ ಕಾಯುತ್ತಾರೆ. ಎಲ್ಲಕ್ಕಿಂತ ಬಿಸಿಯಾದ ಬ್ರಹ್ಮಕುಂಡದ ನೀರು ಸುಮಾರು 45 ಡಿಗ್ರಿ ಸೆಲ್ಸಿಯಸ್. ಇಳಿಯುವವನು ಮೊದಲು ಪಾದ, ಅನಂತರ ಮೊಣಕಾಲು ಎಂದು ಅಳೆದಳೆದು ಇಳಿಯಬೇಕು. ಅಧಿಕಮಾಸ ಬಂದಾಗ ಇಲ್ಲಿ ಒಂದು ತಿಂಗಳ ದೊಡ್ಡ ಜಾತ್ರೆ ನಡೆಯುತ್ತದೆ, 2023ರಲ್ಲೂ ನಡೆಯಿತು. ಕುಂಡಗಳಲ್ಲೊಂದು ಸೂಫಿ ಸಂತ ಮಖ್ದೂಮ್ ಶರಫುದ್ದೀನರ ಹೆಸರಿನದು. ಬಿಸಿನೀರಿನ ಮುಂದೆ ಮತಭೇದ ಕರಗುವುದು ಸುಲಭವೆಂದು ತೋರುತ್ತದೆ.

ಸುತ್ತಲಿನ ನದಿಗಳ ಸ್ಥಿತಿ ಬೇರೆ. ಬೆಟ್ಟಸಾಲಿನ ಪೂರ್ವದ ತುದಿಯಲ್ಲಿ ಗಿರಿಯಕ್ ಬಳಿ ಹರಿಯುವ ಪಂಚಾನೆ ಮಳೆಗಾಲದ ನದಿ. ಗಯೆಯ ಫಲ್ಗುವಂತೂ ವರ್ಷದ ಬಹುಭಾಗ ಮರಳಾಗಿಯೇ ಕಾಣುತ್ತದೆ; ನೀರು ಬೇಕಾದವರು ಮರಳನ್ನು ತೋಡಬೇಕು. ಅಲ್ಲಿ ನೀರು ನಿಲ್ಲಿಸುವುದಕ್ಕಾಗಿ 2022ರ ಸೆಪ್ಟೆಂಬರ್‌ನಲ್ಲಿ ರಬ್ಬರ್ ಅಣೆಕಟ್ಟನ್ನು ಉದ್ಘಾಟಿಸಲಾಯಿತು. ನದಿಗಳು ಬತ್ತುವ ನಾಡಿನಲ್ಲಿ ಬೆಟ್ಟದ ಬುಡದ ಧಾರೆ ಸುರಿಯುತ್ತಿರುವುದನ್ನು ಕಂಡವನಿಗೆ, ಇದಕ್ಕೆ ಕೊನೆಯೇ ಇಲ್ಲವೆಂದು ಅನ್ನಿಸುವುದು ಸಹಜ.

ಶ್ರಾವಕರ ತಂಡವೊಂದು ಬಂದರೆ ಹಿರಿಯರನ್ನು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಭೂಮಿಯೊಳಗೇ ಕಾದು ಬಂದ ನೀರಲ್ಲವೇ, ಅಪ್ಪಾಜಿ? ಇದನ್ನೂ ಗಾಳಿಸಬೇಕೆ?” ಪ್ರಶ್ನೆ ಹಗುರವಾದುದಲ್ಲ. ಗಾಳಿಸಿದ ನೀರಿಗೆ ಒಂದು ಮುಹೂರ್ತ, ಎಂದರೆ 48 ನಿಮಿಷ. ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ ಎಂಬ ಮರ್ಯಾದೆಯನ್ನು ಪಾಲಿಸುವ ಮನೆಗಳಲ್ಲಿ ಬೆಳೆದವರಿಗೆ ಬಿಸಿಯಾದುದೆಲ್ಲ ಪ್ರಾಸುಕವೆಂಬ ಭಾವನೆ ಬೇರೂರಿರುತ್ತದೆ. ಆದರೆ ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯವು ಜೀವಗಳ ಯೋನಿಗಳನ್ನು ಹೇಳುವಾಗ ಶೀತದ ಜೊತೆಗೆ ಉಷ್ಣವನ್ನೂ ಎಣಿಸಿದೆ. ಶ್ವೇತಾಂಬರ ಆಗಮವಾದ ಭಗವತೀಸೂತ್ರದಲ್ಲಿ ಇದೇ ವೈಭಾರಗಿರಿಯ ಬಿಸಿನೀರಿನ ಚರ್ಚೆಯೇ ಇದೆ. ಬೆಟ್ಟದಡಿಯಲ್ಲಿ ದೊಡ್ಡ ಸರೋವರವಿದ್ದು ಅದರಿಂದ ನೀರು ಹೊರಬರುತ್ತದೆಂದು ಅನ್ಯತೀರ್ಥಿಕರು ಹೇಳುತ್ತಿದ್ದರಂತೆ. ಮಹಾವೀರಸ್ವಾಮಿಗಳು ಅದನ್ನು ಒಪ್ಪದೆ, ಅದು ಒಂದು ಚಿಲುಮೆಯೆಂದೂ, ಉಷ್ಣಯೋನಿಯ ಜೀವಗಳೂ ಪುದ್ಗಲಗಳೂ ಅಲ್ಲಿ ನೀರಾಗಿ ಉತ್ಪನ್ನವಾಗುತ್ತವೆಯೆಂದೂ ಗೌತಮರಿಗೆ ತಿಳಿಸಿದರು. ಎಂದಮೇಲೆ, ಒಲೆಯ ಮೇಲೆ ಕುದಿಸಿದ ನೀರಿನ ನ್ಯಾಯವು ಈ ನೀರಿಗೆ ಅನ್ವಯಿಸದು, ಇದು ಸಚಿತ್ತವೇ. ಗಾಳಿಸಬೇಕು, ಬಟ್ಟೆಯಲ್ಲಿ ಉಳಿದುದನ್ನು ಬಂದ ನೀರಿಗೇ ಮರಳಿಸಬೇಕು.

70 ಡಿಗ್ರಿಯ ಆಸುಪಾಸಿನ ಬಿಸಿನೀರಿನಲ್ಲೂ ಬಾಳುವ ಸೂಕ್ಷ್ಮಜೀವಿಯೊಂದನ್ನು ಅಮೆರಿಕದ ವಿಜ್ಞಾನಿಗಳು 1969ರಲ್ಲಿ ವರ್ಣಿಸಿದರು. ಅದನ್ನು ಕೇಳಿದೊಡನೆ “ಆಗಮದಲ್ಲಿ ಆಗಲೇ ಹೇಳಿದೆ” ಎಂದು ವೇದಿಕೆಗಳಲ್ಲಿ ಹಿಗ್ಗುವವರಿದ್ದಾರೆ. ಈ ಆತುರ ಬೇಡ. ನೀರಿನಲ್ಲಿರುವ ಜೀವಿ ಬೇರೆ, ನೀರನ್ನೇ ದೇಹವಾಗಿ ಉಳ್ಳ ಅಪ್ಕಾಯಿಕ ಜೀವ ಬೇರೆ. ಆಗಮದ ಮಾತಿಗೆ ಪ್ರಯೋಗಾಲಯದ ಮುದ್ರೆ ಬೇಕಾಗಿಲ್ಲ.

ಸ್ನಾನದ ವಿಷಯದಲ್ಲಿ ಬೌದ್ಧರ ವಿನಯಪಿಟಕದಲ್ಲಿ ಒಂದು ಪ್ರಸಂಗವಿದೆ. ಬಿಂಬಿಸಾರನು, ಎಂದರೆ ಪುರಾಣಗಳ ಶ್ರೇಣಿಕನೇ, ಇಲ್ಲಿನ ತಪೋದಾ ಹೊಳೆಗೆ ಮೀಯಲು ಬಂದ. ಭಿಕ್ಷುಗಳು ಮುಗಿಸಲಿ ಎಂದು ಕಾದು ನಿಂತ. ಅವರು ಕತ್ತಲಾಗುವ ತನಕ ಮೀಯುತ್ತಲೇ ಇದ್ದರು. ಅರಸನು ಮಿಂದು ಬರುವಷ್ಟರಲ್ಲಿ ನಗರದ ಬಾಗಿಲು ಮುಚ್ಚಿತ್ತು. ಆ ರಾತ್ರಿ ಹೊರಗೇ ಕಳೆಯಬೇಕಾಯಿತು. ಹದಿನೈದು ದಿನಕ್ಕೊಮ್ಮೆ ಮಾತ್ರ ಸ್ನಾನವೆಂಬ ನಿಯಮ ಭಿಕ್ಷುಗಳಿಗೆ ಬಂದದ್ದು ಆಮೇಲೆ. ಸನ್ಯಾಸಿಗಳನ್ನೂ ಮೈಮರೆಸುವ ಸುಖ ಈ ನೀರಿನಲ್ಲಿದೆಯೆಂದರೆ, ಟಿಕೆಟ್ಟು ಕೊಂಡು ಬಂದ ಗೃಹಸ್ಥನ ಪಾಡೇನು!

ಭೂವಿಜ್ಞಾನದ ವಿವರಣೆ ಸರಳ. ಬೆಟ್ಟದ ಮೇಲೆ ಬಿದ್ದ ಮಳೆ ಗಟ್ಟಿಕಲ್ಲಿನ ಬಿರುಕುಗಳಲ್ಲಿ ಆಳಕ್ಕಿಳಿದು, ಭೂಮಿಯ ಒಡಲ ಶಾಖದಿಂದ ಕಾದು, ಇನ್ನೊಂದು ಬಿರುಕಿನಲ್ಲಿ ಮೇಲೇರುತ್ತದೆ. ಇಳಿದು ಏರುವ ಈ ದಾರಿ ದೀರ್ಘವಾದುದು. ವ್ಯಾಪಾರಿಯ ಮಾತಿನಲ್ಲಿ ಹೇಳುವುದಾದರೆ ಪಂಚಾನೆ ಆ ವರ್ಷದ ಆದಾಯ, ಬ್ರಹ್ಮಕುಂಡ ಹಿಂದಿನವರು ಕೂಡಿಟ್ಟ ಮೂಲಧನ. ಬಡ್ಡಿಯಲ್ಲಿ ಬದುಕುವವನಿಗೂ ಅಸಲಿಗೆ ಕೈಹಾಕುವವನಿಗೂ ಕೆಲವು ವರ್ಷ ವ್ಯತ್ಯಾಸವೇ ತೋರದು. ಇಬ್ಬರ ಮನೆಯಲ್ಲೂ ಊಟ ಒಂದೇ ಬಗೆಯದು. ಏಳನೆಯ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಹ್ಯೂಯೆನ್ ತ್ಸಾಂಗನು, ಹಿಂದೆ 500 ಬಿಸಿನೀರಿನ ಬುಗ್ಗೆಗಳಿದ್ದು ತನ್ನ ಕಾಲಕ್ಕೆ ಕೆಲವು ಹತ್ತುಗಳಷ್ಟೇ ಉಳಿದಿವೆ, ಅವುಗಳಲ್ಲೂ ಕೆಲವು ತಣ್ಣಗಾಗಿವೆ ಎಂದು ಬರೆದಿಟ್ಟಿದ್ದಾನೆ. 500 ಎಂಬುದು ಭಕ್ತಿಯ ಸಂಖ್ಯೆ ಇರಬಹುದು. ಧಾರೆ ನಿಲ್ಲಬಲ್ಲುದೆಂಬ ಅರಿವು ಮಾತ್ರ ಅಷ್ಟು ಹಳೆಯದು.

ಈಚಿನ ವರ್ಷಗಳಲ್ಲಿ ಬೇಸಿಗೆಯಲ್ಲಿ ಕೆಲವು ಧಾರೆಗಳು ಸೊರಗಿದ ಸುದ್ದಿ ಬಂದಿದೆ; ಕೊಳವೆಬಾವಿಗಳ ಕಡೆಗೆ ಬೆರಳು ತೋರಿಸಲಾಗಿದೆ. ದಕ್ಷಿಣ ಕನ್ನಡದ ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿರುವ ಬೆಂದ್ರುತೀರ್ಥದ ಬಿಸಿನೀರಿನ ಬಗ್ಗೆಯೂ ಇಂಥದೇ ದೂರು ಬಹುಕಾಲದ್ದು. 2022ರ ನವೆಂಬರ್‌ನಲ್ಲಿ ಗಂಗೆಯ ಮಳೆಗಾಲದ ನೀರನ್ನು ಹಾಥಿದಹದಿಂದ ಕೊಳವೆಗಳಲ್ಲಿ ತಂದು ಶೇಖರಿಸಿ, ರಾಜಗೀರ್‌ನ ಮನೆಗಳಿಗೆ ಕೊಡುವ ಯೋಜನೆ ಜಾರಿಗೆ ಬಂತು. ಒಳ್ಳೆಯದೇ ಆಯಿತು. ಆದರೆ ಗಂಗೆ ಬಂದಳೆಂದು ಹಳೆಯ ಪಂಪನ್ನು ನಿಲ್ಲಿಸಿದ ವಸತಿಗೃಹಗಳೆಷ್ಟು?

ಯಾತ್ರಾಸ್ಥಳಗಳಲ್ಲಿ ಧರ್ಮಶಾಲೆ ನಡೆಸುವ ಟ್ರಸ್ಟುಗಳ ದರಪಟ್ಟಿಗಳಲ್ಲಿ ಕೋಣೆಗೆ, ಹಾಸಿಗೆಗೆ, ಊಟಕ್ಕೆ ಬೇರೆಬೇರೆ ಸಾಲುಗಳಿರುವುದುಂಟು. ನೀರಿಗೆ ಸಾಲೇ ಕಾಣದು. ವಾರ್ಷಿಕ ವರದಿಯಲ್ಲಿ ಬಂದ ದಾನದ ಪೈಸೆಪೈಸೆಯ ಲೆಕ್ಕವಿರುತ್ತದೆ. ಅದೇ ಪುಟದಲ್ಲಿ, ಕೊಳವೆಬಾವಿಯಿಂದ ಆ ವರ್ಷ ಎತ್ತಿದ ನೀರು ಇಷ್ಟು ಲೀಟರ್, ಹಿಂದಿನ ವರ್ಷ ಇಷ್ಟು ಎಂದು ಎರಡು ಅಂಕಿಗಳನ್ನು ಅಚ್ಚು ಹಾಕಿಸಲು ಪಂಪಿಗೆ ಒಂದು ಮೀಟರು ಸಾಕು. ಲೆಕ್ಕ ಪರಿಶೋಧಕರು ಅದನ್ನು ಕೇಳುವುದಿಲ್ಲ. ಸರ್ವಸದಸ್ಯರ ಸಭೆಯಲ್ಲಿ ಶ್ರಾವಕರೇ ಎದ್ದು ನಿಂತು ಕೇಳಬೇಕಾಗುತ್ತದೆ.