ಅಟ್ಟದ ಮೇಲಿನ ಲೋಟಗಳು

ನಮ್ಮ ಮನೆಯಲ್ಲಿ ಬಹುಕಾಲ ಗಾಜಿನ ಲೋಟಗಳು ಬಳಕೆಯಲ್ಲಿರಲಿಲ್ಲ. ಹಿರಿಯ ಮಗನು ಹೆಜ್ಜೆಯಿಡಲು ಕಲಿತ ವಾರದಲ್ಲಿಯೇ ಆರು ಲೋಟಗಳನ್ನೂ ಅಟ್ಟಕ್ಕೇರಿಸಿದೆವು. ಕೂಸು ಗಾಜು ತುಳಿದೀತೆಂಬ ಭಯ. ಆ ಭಯವೇನೂ ತಪ್ಪಲ್ಲ. ಆದರೆ ಮಗನಿಗೆ ಹದಿನೆಂಟು ತುಂಬಿದಾಗಲೂ ಲೋಟಗಳು ಅಟ್ಟದ ಮೇಲೆಯೇ ಇದ್ದವು.

ಧಾರವಾಡದ ನಮ್ಮ ನೆರೆಹೊರೆಯವರು ನಮ್ಮನ್ನು ಆದರ್ಶ ತಂದೆತಾಯಿಗಳೆಂದು ಹೊಗಳುತ್ತಿದ್ದರು, ನಾವೂ ಹಿಗ್ಗುತ್ತಿದ್ದೆವು. ಅವನ ಶಾಲೆಯ ಚೀಲವನ್ನು ಹಿಂದಿನ ರಾತ್ರಿಯೇ ನಾವು ಜೋಡಿಸಿಡುತ್ತಿದ್ದೆವು. ಪುಸ್ತಕ ಮರೆತು ಹೋದರೆ ಸ್ಕೂಟರಿನಲ್ಲಿ ಹಿಂದೆಯೇ ಒಯ್ದು ಕೊಡುತ್ತಿದ್ದೆವು. ಗೆಳೆಯನೊಡನೆ ಜಗಳವಾದರೆ ಆ ಗೆಳೆಯನ ಮನೆಗೆ ಹೋಗಿ ರಾಜಿ ಮಾಡಿಸುವವರೂ ನಾವೇ. ಏಳನೆಯ ತರಗತಿಯಲ್ಲಿ ಅವನ ಜ್ವಾಲಾಮುಖಿಯ ಮಾದರಿಗೆ ಬಹುಮಾನ ಬಂದಿತು. ರಾತ್ರಿ ಒಂದು ಗಂಟೆಯವರೆಗೆ ಕುಳಿತು ಅದನ್ನು ಮಾಡಿದವರು ಯಾರೆಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಊರಿನಿಂದ ಬಂದಾಗಲೆಲ್ಲ ಅಜ್ಜಿಯವರು, "ಎಡವಲಿ ಬಿಡ್ರಪಾ, ಎಷ್ಟಂತ ಎತಗೊಂಡು ತಿರಗತೀರಿ?" ಎಂದು ಗೊಣಗುತ್ತಿದ್ದರು. ಹಳೆಯ ಕಾಲದವರ ಮಾತೆಂದು ನಾವು ಕಿವಿಗೊಡಲಿಲ್ಲ.

2022ರಲ್ಲಿ ಅವನು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದನ್ನು ಸೇರಿ ಹಾಸ್ಟೆಲಿನಲ್ಲಿ ಉಳಿದನು. ಮೊದಲ ಸೆಮಿಸ್ಟರಿನ ಗಣಿತದಲ್ಲಿಯೇ ನಪಾಸಾದನು. ಅದು ಅಂಥ ದೊಡ್ಡ ಅನಾಹುತವಲ್ಲ. ಮತ್ತೆ ಪರೀಕ್ಷೆಗೆ ಕೂಡಬಹುದು. ಆದರೆ ಅವನು ಅದನ್ನು ನಾಲ್ಕು ತಿಂಗಳು ನಮ್ಮಿಂದ ಮುಚ್ಚಿಟ್ಟನು. ದಿನವೂ ಫೋನಿನಲ್ಲಿ "ಎಲ್ಲಾ ಆರಾಮ ಐತಿ" ಎನ್ನುತ್ತಿದ್ದವನು ತರಗತಿಗೆ ಹೋಗುವುದನ್ನು ನಿಲ್ಲಿಸಿದ್ದನು, ಸರಿಯಾಗಿ ಊಟವನ್ನೂ ಮಾಡುತ್ತಿರಲಿಲ್ಲ. ಸಹಪಾಠಿಯೊಬ್ಬನು ತಿಳಿಸಿದಾಗ ಸಿಕ್ಕ ರೈಲು ಹಿಡಿದು ಓಡಿದೆವು. ನಮ್ಮನ್ನು ಕಂಡು ಅವನು ಅಳಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, "ತಪ್ಪಾದ ಮ್ಯಾಲೆ ಏನ್ ಮಾಡಬೇಕು ಅನ್ನೂದು ನನಗ ಗೊತ್ತಿರಲಿಲ್ಲಪ್ಪಾ" ಎಂದನು.

ಬೈಯುವುದಕ್ಕೆ ಸಿದ್ಧರಾಗಿ ಹೋದವರು ನಾವು. ನಮ್ಮಿಬ್ಬರಿಗೂ ಮಾತು ಹೊರಡಲಿಲ್ಲ.

ಮರಿಯಾ ಮಾಂಟೆಸ್ಸರಿಯವರು 1907ರಲ್ಲಿ ರೋಮ್ ನಗರದಲ್ಲಿ ತಮ್ಮ ಮೊದಲ ಮಕ್ಕಳ ಮನೆಯನ್ನು ತೆರೆದರು. ಅವರ ಪದ್ಧತಿಯಲ್ಲಿ ಎಳೆಯ ಮಕ್ಕಳ ಕೈಗೆ ಒಡೆಯುವಂಥ ಗಾಜಿನ, ಪಿಂಗಾಣಿಯ ಪಾತ್ರೆಗಳನ್ನೇ ಕೊಡುತ್ತಾರೆ. ಜಾರಿದರೆ ಒಡೆಯುತ್ತದೆ, ಆದ್ದರಿಂದಲೇ ಮಗು ಎಚ್ಚರದಿಂದ ಹಿಡಿಯಲು ಕಲಿಯುತ್ತದೆ. ಆ ಮಹನೀಯರು 1939ರಲ್ಲಿ ನಮ್ಮ ದೇಶಕ್ಕೇ ಬಂದು, ಯುದ್ಧ ಮುಗಿಯುವವರೆಗೂ ಇಲ್ಲಿದ್ದು, ಮದರಾಸಿನ ಅಡ್ಯಾರಿನಲ್ಲಿ ಶಿಕ್ಷಕರಿಗೆ ತರಬೇತಿ ನೀಡಿದವರು. ಇದನ್ನೆಲ್ಲ ನಾವು ಓದದವರಲ್ಲ. ನಮ್ಮಿಬ್ಬರಲ್ಲಿ ಒಬ್ಬರು ಶಿಕ್ಷಕ ತರಬೇತಿಯ ಪರೀಕ್ಷೆಗೆ ಇದನ್ನೇ ಬರೆದು ಒಳ್ಳೆಯ ಅಂಕ ಪಡೆದಿದ್ದರು!

ಬೆಂಗಳೂರಿನಿಂದ ಮರಳಿದ ಮೇಲೆ ಲೋಟಗಳು ಅಟ್ಟದಿಂದ ಇಳಿದವು. ಮಗನಿಗಾಗಿ ಟ್ಯೂಷನ್ ಹುಡುಕಲು ಹೊರಟಿದ್ದ ಕಾಲುಗಳನ್ನು ಬಲವಂತವಾಗಿ ಹಿಡಿದು ನಿಲ್ಲಿಸಿಕೊಂಡೆವು. ಮತ್ತೆ ಪರೀಕ್ಷೆಗೆ ಅರ್ಜಿ ತುಂಬಿದವನೂ ಅವನೇ, ಓದಿದವನೂ ಅವನೇ. ಎರಡನೆಯ ಸಲ ಪಾಸಾದನು.

ಕಳೆದ ವರ್ಷ ಒಂಬತ್ತನೆಯ ತರಗತಿಯ ಮಗಳು, ಹುಬ್ಬಳ್ಳಿಯ ಸೋದರತ್ತೆಯ ಮನೆಗೆ ಒಬ್ಬಳೇ ಹೋಗಿಬರುವೆನೆಂದಳು. ಇಪ್ಪತ್ತು ಕಿಲೋಮೀಟರಿನ ಆಸುಪಾಸಿನ ದಾರಿ, ಚಿಗರಿ ಬಸ್ಸು. ಹೂಂ ಎನ್ನಲು ನಮಗೆ ಎರಡು ದಿನ ಬೇಕಾಯಿತು. ಸಂಜೆ ಆರಕ್ಕೆ ಬರಬೇಕಾದವಳು ಬರಲಿಲ್ಲ. ಆರೂಕಾಲಿಗೆ ಫೋನಿನಲ್ಲಿ ಒಂದು ಸಂದೇಶ ಬಂದಿತು: "ತಪ್ಪು ಬಸ್ ಹತ್ತೀನಿ. ತಡಾ ಆಗತದ. ನಾನ ಬರ್ತೀನಿ, ನೀವು ಬರಬ್ಯಾಡ್ರಿ."

ಸ್ಕೂಟರಿನ ಕೀಲಿಕೈ ಆಗಲೇ ನಮ್ಮ ಕೈಯಲ್ಲಿತ್ತು. ಆದರೆ ತಪ್ಪಾಗಿದೆಯೆಂದು ಅವಳು ಕೂಡಲೇ ತಾನಾಗಿ ತಿಳಿಸಿದ್ದಳಲ್ಲ, ಅಣ್ಣನಂತೆ ಮುಚ್ಚಿಡಲಿಲ್ಲವಲ್ಲ! ಕೀಲಿಕೈಯನ್ನು ಗೂಟಕ್ಕೆ ಸಿಕ್ಕಿಸಿ ಕಟ್ಟೆಯ ಮೇಲೆ ಕುಳಿತೆವು. ಇಬ್ಬರೂ ಮಾತನಾಡಲಿಲ್ಲ. ಅಷ್ಟು ದೀರ್ಘವಾದ ಸಂಜೆಯನ್ನು ನಾವು ಬೇರೆ ಕಂಡಿಲ್ಲ.

ಏಳೂವರೆಗೆ ಅವಳು ಬಂದಳು. ಚಪ್ಪಲಿ ಬಿಡುತ್ತಲೇ ಯಾವ ಬಸ್ಸು ಹತ್ತಿದೆ, ಎಲ್ಲಿ ಇಳಿದೆ, ಯಾರನ್ನು ಕೇಳಿದೆ ಎಂದು ಒಂದೇ ಉಸಿರಿಗೆ ಹೇಳತೊಡಗಿದಳು. ನಾವು ಏನನ್ನೂ ಕೇಳಬೇಕಾಗಲಿಲ್ಲ. ಹೇಳುತ್ತ ಹೇಳುತ್ತಲೇ ಒಳಗೆ ಹೋಗಿ ಗಾಜಿನ ಲೋಟದಲ್ಲಿ ನೀರು ತುಂಬಿಕೊಂಡು ಗಟಗಟನೆ ಕುಡಿದಳು.

ಆರರಲ್ಲಿ ಈಗ ನಾಲ್ಕು ಲೋಟಗಳು ಉಳಿದಿವೆ.