ಸತ್ತವರ ಲೆಕ್ಕ ಬರೆಯುವ ಮುನ್ನ

ಬಿಯರ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನನ್ನ ಕೆಲಸ ಎಣಿಸುವುದು. ಒಣ ಯೀಸ್ಟಿನಲ್ಲಿ ಎಷ್ಟು ಬದುಕಿದೆ, ಎಷ್ಟು ಸತ್ತಿದೆ ಅಂತ ಹೇಳುವುದು. ನೋಡಲು ರವೆಯಂಥ ಕಂದು ಕಾಳು. ಅಲುಗಾಟವಿಲ್ಲ. ಆದರೆ ಒಂದು ಗ್ರಾಂನಲ್ಲಿ ನೂರಾರು ಕೋಟಿ ಜೀವ ನೀರಿಗಾಗಿ ಕಾಯುತ್ತಾ ಕೂತಿರುತ್ತವೆ.

ಲೆಕ್ಕದ ದಾರಿ ಸರಳ. ಒಂದು ಗ್ರಾಂ ಯೀಸ್ಟನ್ನು ನೀರಲ್ಲಿ ನೆನೆಸಿ 100 ಮಿಲಿ ಮಾಡಬೇಕು. ಅದನ್ನು 50 ಪಟ್ಟು ತೆಳು ಮಾಡಿ, ಅಷ್ಟೇ ಮೆಥಿಲೀನ್ ಬ್ಲೂ ಬೆರೆಸಬೇಕು. ಗೆರೆ ಕೊರೆದ ಗಾಜಿಗೆ ಒಂದು ಹನಿ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಸತ್ತ ಕೋಶ ನೀಲಿಯಾಗುತ್ತದೆ. ಬದುಕಿದ್ದು ಬಣ್ಣ ಹತ್ತಗೊಡುವುದಿಲ್ಲ. ನೀಲಿ ನಮ್ಮ ಬಾವುಟದ ಬಣ್ಣ. ಇಲ್ಲಿ ಮಾತ್ರ ಸಾವಿನ ಗುರುತು. 25 ಮನೆಗಳ ಚೌಕದಲ್ಲಿ ನಿಲ್ಲುವ ನೀರು ಒಂದು ಮಿಲಿಯ ಹತ್ತು ಸಾವಿರದಲ್ಲೊಂದು ಪಾಲು. ಅಲ್ಲಿ ಬಣ್ಣವಿಲ್ಲದ ಕೋಶ 80 ಸಿಕ್ಕರೆ, ಗ್ರಾಂಗೆ 800 ಕೋಟಿ ಬದುಕಿವೆ ಅಂತ ಅರ್ಥ.

ಒಮ್ಮೆ ಹೊಸ ಪೊಟ್ಟಣ ಬಂತು. ಮೇಲಿನವರು ಫ್ರಿಜ್ಜಿನ ತಣ್ಣೀರು ಸುರಿದು, ಕಲಕಿ, ಆಗಲೇ ಬಣ್ಣ ಹಾಕಿ ನೋಡಿದರು. ಕಣ್ಣು ಹಾಯಿಸಿದಲ್ಲೆಲ್ಲ ನೀಲಿ.

"ಅರ್ಧಕ್ಕರ್ಧ ಸತ್ತೋಗಿದೆ. ಮಾಲೇ ಸರಿಯಿಲ್ಲ ಕಣಯ್ಯ, ಬಿಸಾಕು" ಅಂದರು.

"ಮಾಲಿಂದಲ್ಲ ಸಾರ್, ನೀರಿಂದು ತಪ್ಪು" ಅಂದೆ.

"ಕೋಟಾದಲ್ಲಿ ಓದಿದೋರು ನಮಗೇ ಪಾಠ ಹೇಳ್ತಾರೆ" ಅಂದರು, ಪಕ್ಕದವರಿಗೆ ಕೇಳುವ ಹಾಗೆ.

ಅದೇ ಪೊಟ್ಟಣದಿಂದ ಇನ್ನೊಂದು ಗ್ರಾಂ ತಗೊಂಡೆ. 38 ಡಿಗ್ರಿಯ ಉಗುರುಬೆಚ್ಚಗಿನ ನೀರಿನ ಮೇಲೆ ಉದುರಿಸಿ ಇಪ್ಪತ್ತು ನಿಮಿಷ ಸುಮ್ಮನೆ ಬಿಟ್ಟೆ. ಒಣಗಿದ ಕೋಶದ ಪೊರೆ ಸುಕ್ಕುಗಟ್ಟಿರುತ್ತದೆ. ನೀರು ತಾಕಿದ ಮೊದಲ ಗಳಿಗೆಯಲ್ಲಿ ಸೋರುತ್ತದೆ. ಬೆಚ್ಚಗಿನ ನೀರಾದರೆ ಪೊರೆ ಬೇಗ ಕೂಡಿಕೊಳ್ಳುತ್ತದೆ. ತಣ್ಣೀರಾದರೆ ಒಳಗಿನ ಸಾರ ಹರಿದುಹೋಗಿ ಬದುಕಿದ್ದೂ ಸಾಯುತ್ತದೆ. ಈ ಸಲ ಗಾಜಿನಲ್ಲಿ ನೀಲಿ ಅಲ್ಲೊಂದು ಇಲ್ಲೊಂದು. ಅವರು ನೋಡಿದರು. ಮಾತಾಡಲಿಲ್ಲ.

ಕೊಂದದ್ದು ನೀರು, ತಪ್ಪು ಬರೆದದ್ದು ಯೀಸ್ಟಿನ ಹೆಸರಿಗೆ. ನಮ್ಮ ಲೆಕ್ಕವನ್ನೂ ಹೀಗೇ ಬರೆದಿದ್ದಾರೆ. ತಲೆಮಾರುಗಟ್ಟಲೆ ಒಣಗಿಸಿದರು. ಮಹಾಡಿನ ಕೆರೆಯ ಒಂದು ಬೊಗಸೆ ನೀರಿಗಾಗಿ 1927ರಲ್ಲಿ ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆಯಬೇಕಾಯಿತು. ಕೊನೆಗೆ ಶಾಲೆಯ ಬಾಗಿಲು ತೆಗೆದರು. ಒಳಗೆ ಬಂದವರ ಮೇಲೆ ತಣ್ಣೀರು ಸುರಿದರು. ಆಗಲೇ ಎಣಿಸಿ, ಇವರಲ್ಲಿ ಯೋಗ್ಯತೆಯಿಲ್ಲ ಅಂತ ಷರಾ ಬರೆದರು.

ಎಣಿಸಿ, ಬೇಡ ಅನ್ನಲ್ಲ. ಆದರೆ ಸತ್ತವರ ಕಾಲಂ ತುಂಬುವ ಮೊದಲು ಹೇಳಿ: ನೀರು ಕೊಟ್ಟವರು ಯಾರು? ಎಷ್ಟು ಬೆಚ್ಚಗಿತ್ತು? ಎಷ್ಟು ಹೊತ್ತು ಕಾದಿರಿ?