ಯಂತ್ರವೂ ಹಾಡೀತು

ಸಂಗೀತದ ಮನೆಯೊಳಗೆ ಹೊಸ ಯಂತ್ರವೊಂದು ಕಾಲಿಟ್ಟಾಗಲೆಲ್ಲ ಹಿರಿಯರು ಹುಬ್ಬು ಗಂಟಿಕ್ಕಿದ್ದುಂಟು. ಹಾರ್ಮೋನಿಯಂ ಪೆಟ್ಟಿಗೆಯ ಕಥೆಯನ್ನೇ ನೋಡಬಹುದು. ಮೊದಲೇ ಗೊತ್ತುಮಾಡಿಟ್ಟ ಸ್ವರಗಳನ್ನಷ್ಟೇ ಅದು ನುಡಿಯಬಲ್ಲದು. ಸ್ವರದಿಂದ ಸ್ವರಕ್ಕೆ ಜಾರುವ, ತೂಗುವ, ಬಳುಕುವ ಗಮಕ ಅದಕ್ಕೆ ಒಲಿಯದು. ಈ ಆಕ್ಷೇಪಣೆಯ ಮೇಲೆ 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಅದನ್ನು ಹೊರಗಿಟ್ಟಿತು. ಮತ್ತೆ ಒಳಗೆ ಬರಲು ಅದು 1971ರವರೆಗೆ ಕಾಯಬೇಕಾಯಿತು. ಅಷ್ಟು ದಿನವೂ ಭಜನೆಯ ಮನೆಗಳಲ್ಲಿ, ನಾಟಕದ ಕಂಪನಿಗಳಲ್ಲಿ ಹಾರ್ಮೋನಿಯಂ ನುಡಿಯುತ್ತಲೇ ಇದ್ದಿತು. ಆಕ್ಷೇಪಣೆ ಸುಳ್ಳಾಗಿರಲಿಲ್ಲ, ಪೆಟ್ಟಿಗೆ ಇಂದಿಗೂ ಗಮಕವನ್ನು ಕಲಿತಿಲ್ಲ. ಆದರೆ ಅದಕ್ಕೆ ಬರುವ ಕೆಲಸ ಯಾವುದು, ಬಾರದ ಕೆಲಸ ಯಾವುದು ಎಂಬುದನ್ನು ಜನ ಬಳಸಿಯೇ ತಿಳಿದುಕೊಂಡರು.

ಗ್ರಾಮಫೋನಿನ ಕಥೆಯೂ ಅಂಥದೇ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅದರ ಕೊಳವೆಯ ಮುಂದೆ ಹಾಡಿದಳು. ಗಂಟೆಗಟ್ಟಲೆ ಬೆಳೆಸಬೇಕಾದ ರಾಗವನ್ನು ಮೂರು ನಿಮಿಷದ ತಟ್ಟೆಯೊಳಗೆ ಅಡಗಿಸಬೇಕಾಯಿತು. ಆಕೆ ತನ್ನ ಕೊನೆಯ ದಿನಗಳನ್ನು ಮೈಸೂರಿನಲ್ಲಿ ಕಳೆದು, 1930ರಲ್ಲಿ ಅಲ್ಲಿಯೇ ತೀರಿಕೊಂಡಳು. ಕಂಠ ಮಾತ್ರ ಇಂದಿಗೂ ಉಳಿದಿದೆ.

ಈಗ ಬಂದಿರುವ ಯಂತ್ರದ ಬಗೆ ಬೇರೆ. ಗ್ರಾಮಫೋನು ಯಾರೋ ಹಾಡಿದುದನ್ನು ಹಿಡಿದಿಟ್ಟಿತು. ಕೃತಕ ಬುದ್ಧಿಮತ್ತೆಯಾದರೋ ಯಾರೂ ಹಾಡದುದನ್ನು ಹಾಡಿ ತೋರಿಸುತ್ತದೆ. ಇದರ ಕನಸು ಇಂದಿನದಲ್ಲ. 1843ರಷ್ಟು ಹಿಂದೆಯೇ ಇಂಗ್ಲೆಂಡಿನ ಏಡಾ ಲವ್ಲೇಸ್, ಲೆಕ್ಕದ ಯಂತ್ರವೊಂದು ಮುಂದೆ ಸಂಗೀತವನ್ನೂ ರಚಿಸಬಹುದೆಂದು ಬರೆದಿದ್ದಳು. 1957ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಹಿಲ್ಲರ್ ಮತ್ತು ಐಸಾಕ್‌ಸನ್ ಎಂಬಿಬ್ಬರು ಗಣಕಯಂತ್ರದಿಂದ ನಾಲ್ಕು ತಂತಿವಾದ್ಯಗಳಿಗೆ ಒಂದು ಕೃತಿಯನ್ನು ಕಟ್ಟಿಸಿದರು. ಅಂದು ಯಂತ್ರ ಬರೆದುದನ್ನು ನುಡಿಸಲು ಮನುಷ್ಯರೇ ಬೇಕಾಗಿತ್ತು. ಇಂದು ‘ಸುನೊ’, ‘ಯುಡಿಯೊ’ ಮೊದಲಾದ ಸಾಧನಗಳಿಗೆ ಬೇಕಾದ ಹಾಡು ಎಂಥದೆಂದು ನಾಲ್ಕು ಮಾತು ಬರೆದು ಕೊಟ್ಟರೆ ಸಾಕು; ಸಾಹಿತ್ಯ, ಮಟ್ಟು, ವಾದ್ಯ, ಕಂಠ ಎಲ್ಲವೂ ಕೆಲವೇ ಕ್ಷಣಗಳಲ್ಲಿ ಸಿದ್ಧ. ಅಪಾರವಾದ ಧ್ವನಿಮುದ್ರಣಗಳನ್ನು ಕೇಳಿಸಿ, ಯಾವ ನಾದದ ಬೆನ್ನಿಗೆ ಯಾವ ನಾದ ಬರುವುದು ವಾಡಿಕೆ ಎಂಬ ಲೆಕ್ಕವನ್ನು ಅವಕ್ಕೆ ಕಲಿಸಿರುತ್ತಾರೆ. ಹೀಗೆ ಕಲಿಸಿದ ಹಾಡುಗಳು ತಮ್ಮವು, ತಮ್ಮನ್ನು ಕೇಳಲಿಲ್ಲ ಎಂದು 2024ರ ಜೂನ್‌ನಲ್ಲಿ ಅಮೆರಿಕದ ದೊಡ್ಡ ಧ್ವನಿಮುದ್ರಣ ಕಂಪನಿಗಳು ಈ ಎರಡರ ಮೇಲೂ ನ್ಯಾಯಾಲಯಕ್ಕೆ ಹೋದುವು.

ಮೈಸೂರಿನ ಒಂದು ಮನೆಯಲ್ಲಿ ಈ ಯಂತ್ರದ ಪರೀಕ್ಷೆ ನಡೆದುದು ಮದುವೆಯ ನೆಪದಲ್ಲಿ. ಮೊಮ್ಮಗಳ ಲಗ್ನ ಗೊತ್ತಾಗಿತ್ತು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಅವಳ ಅಣ್ಣ ರಜೆಗೆ ಬಂದವನು, ತಂಗಿಯ ಮೇಲೊಂದು ಹಾಡು ಕಟ್ಟಿಕೊಡೆಂದು ಯಂತ್ರವನ್ನು ಕೇಳಿದ. ಕಾಫಿ ಆರುವುದರೊಳಗೆ ವೀಣೆ ಮೃದಂಗಗಳ ಸಮೇತ ಹಾಡು ಬಂದಿತು. ಮನೆಯವರೆಲ್ಲ ಬೆರಗಾದರು. ಆದರೆ ಯಂತ್ರದ ನಾಲಗೆಗೆ ‘ಳ’ಕಾರ ಹೊರಳಲಿಲ್ಲ. ಬಳೆ ತೊಟ್ಟ ಮದುಮಗಳು ಬಲೆ ತೊಟ್ಟ ಮದುಮಗಳಾದಳು. “ಅದೂ ಸುಳ್ಳಲ್ಲ ಬಿಡು” ಎಂದು ತಾತ ನಕ್ಕರು.

ಸಂಗೀತ ಕಲಿತಿದ್ದ ಸೋದರತ್ತೆ ಅಷ್ಟಕ್ಕೆ ಬಿಡಲಿಲ್ಲ. “ತೋಡಿಯಲ್ಲಿ ಹಾಡಿಸು, ನೋಡೋಣ” ಎಂದರು. ಗಾಂಧಾರವನ್ನು ತೂಗಿ ಹಾಡಿದರಲ್ಲವೆ ತೋಡಿ? ಯಂತ್ರ ಅದನ್ನು ಗೂಟ ಹೊಡೆದಂತೆ ಒಂದೇ ಕಡೆ ನಿಲ್ಲಿಸಿತು. ಕೇಳಲು ಇಂಪಾಗಿಯೇ ಇದ್ದಿತು. ತೋಡಿ ಮಾತ್ರ ಆಗಿರಲಿಲ್ಲ. ಮುಂದೆ ಇದೂ ತಿದ್ದಿಕೊಂಡೀತು ಎಂದು ಹುಡುಗ ಹೇಳಿದ. ಆಗಲಾರದೆಂದು ಯಾರೂ ವಾದಿಸಲಿಲ್ಲ.

ವಿನೋದ ಅಲ್ಲಿಗೆ ಮುಗಿಯಿತು. ಬೀರುವಿನಲ್ಲಿ ಒಂದು ಹಳೆಯ ಕ್ಯಾಸೆಟ್ಟು ಇದ್ದಿತು. 1986ರಲ್ಲಿ ಸೋದರತ್ತೆಯ ಮದುವೆಯಲ್ಲಿ ಅಜ್ಜಿ ಹೇಳಿದ ಹಸೆಗೆ ಕರೆಯುವ ಹಾಡು ಅದರಲ್ಲಿತ್ತು. ಅಜ್ಜಿ ತೀರಿಕೊಂಡು ಹನ್ನೆರಡು ವರ್ಷಗಳಾಗಿದ್ದುವು. ಸುರುಳಿಗೆ ಬೂಷ್ಟು ಹಿಡಿದು, ಅಜ್ಜಿಯ ಧ್ವನಿ ಮಳೆಯ ಸದ್ದಿನ ಆಚೆಯಿಂದ ಬಂದಂತಿತ್ತು. ಮೂರನೆಯ ನುಡಿಯಾದ ಮೇಲೆ ಅದೂ ಇಲ್ಲ. ಹುಡುಗ ಅದನ್ನು ಯಂತ್ರಕ್ಕೆ ಒಪ್ಪಿಸಿ ಸದ್ದನ್ನೆಲ್ಲ ಸೋಸಿ ತೆಗೆಸಿದ. ಪಾತ್ರೆಗಳ ಸಪ್ಪಳ ಹೋಯಿತು, ಗುಜುಗುಜು ಹೋಯಿತು. ಅಜ್ಜಿ ಎದುರಿಗೆ ಕುಳಿತು ಹಾಡಿದಂತಾಯಿತು. ತಾತ ಕಣ್ಣು ಮುಚ್ಚಿ ಕೇಳಿ, “ಅಲ್ಲಿ ಅಳುತ್ತಿದ್ದ ಮಗು ಎಲ್ಲಿ ಹೋಯಿತಪ್ಪಾ? ಅದು ನಿನ್ನ ಚಿಕ್ಕಜ್ಜಿಯ ಕೊನೆಯ ಮಗ” ಎಂದರು. ಹುಡುಗ ಹಳೆಯದನ್ನೂ ಹೊಸದನ್ನೂ ಎರಡನ್ನೂ ಉಳಿಸಿಟ್ಟ.

ಇದೇ ಕೆಲಸ ದೊಡ್ಡ ಪ್ರಮಾಣದಲ್ಲಿಯೂ ನಡೆದಿದೆ. 1980ರಲ್ಲಿ ಕೊಲೆಯಾದ ಬೀಟಲ್ಸ್ ತಂಡದ ಜಾನ್ ಲೆನನ್ ಮನೆಯಲ್ಲಿ ಪಿಯಾನೊ ನುಡಿಸುತ್ತ ಹಾಡಿ ಬಿಟ್ಟುಹೋಗಿದ್ದ ಕ್ಯಾಸೆಟ್ಟಿನಿಂದ ಕಂಠವನ್ನು ಬೇರ್ಪಡಿಸಿ, 2023ರ ನವೆಂಬರ್‌ನಲ್ಲಿ ಅವನ ಗೆಳೆಯರು ಆ ಹಾಡನ್ನು ಹೊರತಂದರು. ಅಲ್ಲಿ ಕೇಳುವ ಅವನ ಕಂಠ ಅವನೇ ಹಾಡಿದ್ದು; ಯಂತ್ರ ಧೂಳನ್ನು ಒರೆಸಿತು, ಅಷ್ಟೆ.

ಆದರೆ ಮೈಸೂರಿನ ಹುಡುಗ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. “ತಾತ, ಅಜ್ಜಿಯ ಧ್ವನಿ ಈಗ ಯಂತ್ರಕ್ಕೆ ಗೊತ್ತಾಗಿದೆ. ಅಳಿಸಿಹೋದ ನುಡಿಗಳನ್ನೂ ಅವರ ಧ್ವನಿಯಲ್ಲಿಯೇ ಹಾಡಿಸಬಹುದು. ಪದ ಸಿಗದಿದ್ದರೆ ಅದೇ ಬರೆದುಕೊಡುತ್ತದೆ” ಎಂದ. ಮನೆ ಎರಡು ಪಾಲಾಯಿತು. ಹಸೆಯ ಮೇಲೆ ಕುಳಿತಾಗ ಅಜ್ಜಿಯ ಹಾಡು ಪೂರ್ತಿಯಾಗಿ ಕೇಳಬೇಕೆಂದು ಮದುಮಗಳಿಗೆ ಆಸೆ. ಆ ಆಸೆಯನ್ನು ಹುಸಿಯೆನ್ನುವವರಾರು? ಸೋದರತ್ತೆ ಮಾತ್ರ ಬೇಡವೆಂದರು. ತಾತ ಬಹಳ ಹೊತ್ತು ಸುಮ್ಮನಿದ್ದರು. “ಅವಳು ಹಾಡಿದ್ದು ಎಷ್ಟು ಕೆಟ್ಟಿದ್ದರೂ ಅವಳದು. ಹಾಡದ್ದನ್ನು ಅವಳ ಬಾಯಲ್ಲಿ ಹಾಡಿಸಬಹುದೇ ಎಂದು ಕೇಳೋಣವೆಂದರೆ ಅವಳಿಲ್ಲ” ಎಂದರು.

ಈ ಇಕ್ಕಟ್ಟು ಒಂದು ಮನೆಯದಲ್ಲ. 2024ರಲ್ಲಿ ಎ.ಆರ್. ರೆಹಮಾನ್ ‘ಲಾಲ್ ಸಲಾಮ್’ ಎಂಬ ತಮಿಳು ಚಿತ್ರದ ಗೀತೆಯೊಂದರಲ್ಲಿ ದಿವಂಗತರಾದ ಇಬ್ಬರು ಗಾಯಕರ ಧ್ವನಿಯನ್ನು ಯಂತ್ರದಿಂದ ತರಿಸಿದಾಗ, ಮನೆಯವರ ಒಪ್ಪಿಗೆ ಪಡೆದು ಸಂಭಾವನೆಯನ್ನೂ ಕೊಟ್ಟಿರುವುದಾಗಿ ತಿಳಿಸಿದರು. ಅದೇ ವರ್ಷ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಧ್ವನಿಯನ್ನು ತಮ್ಮ ಒಪ್ಪಿಗೆಯಿಲ್ಲದೆ ಯಂತ್ರದಿಂದ ಹುಟ್ಟಿಸಿದರೆಂದು ಅವರ ಮಗ ತೆಲುಗು ಚಿತ್ರವೊಂದರವರಿಗೆ ವಕೀಲರ ನೋಟೀಸು ಕಳುಹಿಸಿದರು. ಬದುಕಿರುವವರ ಒಪ್ಪಿಗೆ ಅಗತ್ಯವೇ ಸರಿ. ಆದರೆ ಅದು ಹಾಡಿದವರ ಒಪ್ಪಿಗೆಯಾಗುವುದಿಲ್ಲ.

ಹಾಡಿಸುವುದಿರಲಿ, ಪದವನ್ನಾದರೂ ಹುಡುಕೋಣವೆಂದು ಹಾಸನದಲ್ಲಿದ್ದ ಚಿಕ್ಕಜ್ಜಿಗೆ ಫೋನು ಮಾಡಿದರು. ಅಜ್ಜಿಯ ತಂಗಿ, ಎಪ್ಪತ್ತೈದರ ಮೇಲಿನ ವಯಸ್ಸು. “ಎರಡು ನುಡಿಯಲ್ಲವೋ, ಇನ್ನೂ ನಾಲ್ಕಿವೆ. ಫೋನಿನಲ್ಲೇಕೆ? ನಾನೇ ಬಂದು ಹೇಳುತ್ತೇನೆ” ಎಂದರು. ಬಂದು ಹೇಳಿದಾಗ ಮಟ್ಟೇ ಬೇರೆ! “ನಿಮ್ಮಜ್ಜಿ ಹೇಳುತ್ತಿದ್ದುದು ಅವಳ ಅತ್ತೆಯ ಮನೆಯ ಮಟ್ಟು. ಇದು ನಮ್ಮ ತವರಿನದು” ಎಂದು ವಿವರಿಸಿದರು. ಹಳೆಯ ಕ್ಯಾಸೆಟ್ಟನ್ನು ಸೋಸದೆ ಹಾಕಿದಾಗ, ಅಳುವ ಮಗುವಿನ ದನಿ ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಹುಡುಗ ಅವರ ಏಳು ನುಡಿಗಳನ್ನೂ ಅಂದೇ ಧ್ವನಿಮುದ್ರಿಸಿಕೊಂಡ. ಮದುವೆಯಲ್ಲಿ ಅಜ್ಜಿಯ ಮೂರು ನುಡಿಗಳಾದ ಮೇಲೆ, ಉಳಿದುದನ್ನು ಚಿಕ್ಕಜ್ಜಿ ತಮ್ಮ ಮಟ್ಟಿನಲ್ಲಿಯೇ ಹೇಳಿದರು. ಎರಡೂ ಹೊಂದಲಿಲ್ಲವೆಂದು ಯಾರೂ ದೂರಲಿಲ್ಲ.

ಯಂತ್ರ ಅಂದು ಬರೆದುಕೊಟ್ಟಿದ್ದರೆ ಹಾಡು ಪೂರ್ತಿಯಾಗಿದೆ ಎಂದುಕೊಂಡು ಮನೆಯವರು ತೃಪ್ತರಾಗುತ್ತಿದ್ದರು. ಹಾಸನಕ್ಕೆ ಫೋನು ಹೋಗುತ್ತಿರಲಿಲ್ಲ. ತವರಿನ ಮಟ್ಟೊಂದು ಇದ್ದುದೇ ತಿಳಿಯುತ್ತಿರಲಿಲ್ಲ. ಇದರಲ್ಲಿ ಯಂತ್ರದ ತಪ್ಪಿಲ್ಲ. ಧೂಳೊರೆಸುವ ಕೆಲಸವನ್ನು ಅದು ಚೆನ್ನಾಗಿಯೇ ಮಾಡಿತು. ಹೊಸ ಹಾಡು ಬೇಕೆಂದವರಿಗೆ ಅದನ್ನೂ ಕಟ್ಟಿಕೊಟ್ಟೀತು. ಆದರೆ ಹಳೆಯ ಹಾಡಿನಲ್ಲಿ ತೆರಪು ಬಿದ್ದಾಗ, ಅದನ್ನು ತುಂಬಬಲ್ಲ ಅಕ್ಕನೋ ತಂಗಿಯೋ ನೆರೆಮನೆಯ ಮುದುಕಿಯೋ ಎಲ್ಲಿಯಾದರೂ ಇರುವರೇ ಎಂದು ಮೊದಲು ವಿಚಾರಿಸುವುದು ಮೇಲು. ಯಂತ್ರ ನಾಳೆಯೂ ಇದ್ದೀತು. ಎಪ್ಪತ್ತೈದು ದಾಟಿದವರಿಗೆ ಕಾಗದವನ್ನೋ ಫೋನನ್ನೋ ಈ ವಾರವೇ ಮಾಡುವುದು ಒಳ್ಳೆಯದು.